ಮೇಷ್ಟ್ರು ಇಪ್ಪತ್ತೆಂಟು ಕೊಟ್ಟ ಮ್ಯಾಪು

ಚನ್ನಬಸವಯ್ಯ ಮೇಷ್ಟ್ರು ಇದುವರೆಗೆ ಯಾರಿಗೂ ನೂರಕ್ಕೆ ಅರವತ್ತೊಂದಕ್ಕಿಂತ ಹೆಚ್ಚು ಅಂಕ ಕೊಟ್ಟವರಲ್ಲ. ಆ ಅರವತ್ತೊಂದನ್ನೂ ಪೋಲೆಂಡಿನ ಯಾರೋ ಅನಾಮಧೇಯನಿಗೆ ಕೊಟ್ಟು, ಆಮೇಲೆ ಒಂದು ವಾರ ಜೇಬು ಕತ್ತರಿಸಿಕೊಂಡವರಂತೆ ಮುಖ ಮಾಡಿಕೊಂಡಿದ್ದರು ಎಂದು ಅವರ ಹೆಂಡತಿ ಜಯಶೀಲಾ ಆಂಟಿಯೇ ನನಗೆ ಹೇಳಿದ್ದಾರೆ. ಹನುಮಂತನಗರದಲ್ಲಿರುವ, ಅರವತ್ತೆಂಟು ವರ್ಷದ, ಬೆಳಿಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಳ್ಳುವ ನಿವೃತ್ತ ಗಣಿತದ ಮೇಷ್ಟ್ರು ಪೋಲೆಂಡಿನವನಿಗೆ ಯಾತರ ಅಂಕ ಕೊಡುತ್ತಾರೆ ಎಂದರೆ, ಕೋಟೆ ಆಟದ ಮ್ಯಾಪಿಗೆ.

ಕೋಟೆ ಆಟ ಎಂಬುದು ನಾವಿಟ್ಟ ಹೆಸರು. ಕಂಪ್ಯೂಟರಿನಲ್ಲಿ ಆಡುವ ಹಳೆಯ ಆಟ ಅದು. ನಿಮಗೊಂದು ಕೋಟೆ, ಕುದುರೆಯ ಮೇಲೊಬ್ಬ ದಂಡನಾಯಕ. ಅವನು ದಿನಕ್ಕೆ ಇಷ್ಟೇ ದೂರ ಎಂಬ ಲೆಕ್ಕದಲ್ಲಿ ನಡೆಯಬೇಕು, ಗಣಿ ಹಿಡಿಯಬೇಕು, ದಾರಿಗೆ ಅಡ್ಡ ನಿಂತ ರಾಕ್ಷಸರನ್ನು ಬಡಿಯಬೇಕು, ಕೊನೆಗೆ ಎದುರಾಳಿಯ ಕೋಟೆ ಗೆಲ್ಲಬೇಕು. ಆಟ ಮಾಡಿದ ಕಂಪನಿಯವರು ಅದನ್ನು ಮರೆತು ಎಷ್ಟೋ ವರ್ಷವಾಯಿತು. ಮರೆಯದವರು ನಮ್ಮಂಥ ಹುಚ್ಚರು. ಬೆಟ್ಟ ಎಲ್ಲಿ, ಹೊಳೆ ಎಲ್ಲಿ, ರಾಕ್ಷಸ ಎಲ್ಲಿ ಎಂದು ನಾವೇ ಕೂರಿಸಿ ಹೊಸ ಹೊಸ ಮ್ಯಾಪು ಮಾಡಿ ಹಂಚಿಕೊಳ್ಳುತ್ತೇವೆ. ಜಯನಗರದಿಂದ ಪುಟ್ಟೇನಹಳ್ಳಿಯವರೆಗೆ ಇಂಥ ನಲವತ್ತಾರು ಜನ ಸೇರಿದ ಒಂದು ವಾಟ್ಸಾಪ್ ಗುಂಪಿದೆ. ಮೇಷ್ಟ್ರು ಆ ಗುಂಪಿನ ಶನಿ.

ಅವರು ಈ ಚಟಕ್ಕೆ ಬಿದ್ದ ಬಗೆಯೂ ಅಷ್ಟೇ ಚೆನ್ನಾಗಿದೆ. ಬನಶಂಕರಿಯ ಯಾವುದೋ ಅನುದಾನಿತ ಶಾಲೆಯಲ್ಲಿ ಕೆಲಸ. ಶಾಲೆಗೆ ಮೊದಲ ಸಲ ಕಂಪ್ಯೂಟರ್ ಲ್ಯಾಬ್ ಬಂದಾಗ, ಗಣಿತದವರು ಎಂಬ ಒಂದೇ ಕಾರಣಕ್ಕೆ ಅದರ ಕೀಲಿಕೈ ಇವರಿಗೆ ಸಿಕ್ಕಿತು. ಹತ್ತನೇ ಕ್ಲಾಸಿನವರು ಕದ್ದು ಆಡುತ್ತಿದ್ದ ಆಟದ ಸಿಡಿಯನ್ನು ಕಿತ್ತುಕೊಂಡು, ಮನೆಯವರನ್ನು ಕರೆಸಿ ತೋರಿಸುವ ಮೊದಲು ಇದರಲ್ಲಿ ಏನಿದೆಯೋ ತಾನೇ ಪರೀಕ್ಷಿಸಬೇಕು ಎಂದು ಕೂತರು. ಕೂತವರು ಏಳಲಿಲ್ಲ. ಮನೆಯವರನ್ನು ಕರೆಸಲಿಲ್ಲ, ಸಿಡಿ ವಾಪಸ್ಸು ಕೊಡಲಿಲ್ಲ. ಊರಿಗೆಲ್ಲ ಶಿಸ್ತು ಹೇಳುವವರ ಶಿಸ್ತು ಇಷ್ಟು.

ಆಟ ಆಡುವುದು ಬೇರೆ, ಆಡಿದ್ದಕ್ಕೆ ಅಂಕ ಹಾಕುವುದು ಬೇರೆ. ಇಪ್ಪತ್ತಾರು ವರ್ಷ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿ ಬಂದ ಕೈ, ನಿವೃತ್ತಿಯಾದ ಮೇಲೂ ನೆಟ್ಟಗೆ ಕೂರಲಿಲ್ಲ. ಗುಂಪಿನಲ್ಲಿ ಯಾರೇ ಮ್ಯಾಪ್ ಹಾಕಲಿ, ಮೇಷ್ಟ್ರು ರೂಲ್ ಹಾಳೆ ಮೇಲೆ ಕೆಂಪು ಪೆನ್ನಿನಲ್ಲಿ ದಾರಿಗಿಷ್ಟು, ಗಣಿಗಿಷ್ಟು, ಕಾವಲಿಗಿಷ್ಟು, ಮುಕ್ತಾಯಕ್ಕಿಷ್ಟು ಎಂದು ಅಂಕ ಒಡೆದು ಬರೆದು, ಅದರ ಫೋಟೊ ತೆಗೆದು ಅಡ್ಡಡ್ಡಲಾಗಿ ಹಾಕುತ್ತಾರೆ. ಓದಬೇಕಾದರೆ ಕತ್ತು ಓರೆ ಮಾಡಬೇಕು. ಮೂಲೆಯಲ್ಲಿ ಅವರ ಹೆಬ್ಬೆರಳು ಇದ್ದೇ ಇರುತ್ತದೆ. "ಹೊಳೆ ಬೆಟ್ಟ ಹತ್ತಿದೆ, ಎರಡು ಅಂಕ ಕಡಿತ." "ಗುಡಿಯ ಬಾಗಿಲು ಬಂಡೆಗೆ ಮುಖ ಮಾಡಿದೆ, ಭಕ್ತರು ಬಂಡೆ ಕೊರೆದು ಬರಬೇಕೇ?" "ಮೊದಲ ದಿನವೇ ಡ್ರ್ಯಾಗನ್ ಎದುರಿಗೆ ಬರುತ್ತದೆ. ಒಂದನೇ ಕ್ಲಾಸಿಗೆ ಟ್ರಿಗ್ನಾಮೆಟ್ರಿ." ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಕೈಲಾಸ್ ಎಂಬ ಪಾಪದವನು ಹನ್ನೊಂದು ಅಂಕ ತೆಗೆದುಕೊಂಡ ಮೇಲೆ ಆಟವನ್ನೇ ಬಿಟ್ಟು ಜಿಮ್ಮಿಗೆ ಸೇರಿದ.

ಇಂಥವರ ಕೈಗೆ ಒಂದು ಅಧಿಕಾರವನ್ನೂ ಕೊಟ್ಟಿದ್ದೆವು, ಅದು ನಮ್ಮ ದಡ್ಡತನ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಜಯನಗರದ ಒಂದು ಬಾಡಿಗೆ ಹಾಲಿನಲ್ಲಿ ಗುಂಪಿನವರೆಲ್ಲ ಲ್ಯಾಪ್‌ಟಾಪ್ ಹೊತ್ತು ಸೇರುತ್ತೇವೆ. ಗುಂಪಿನವರು ಮಾಡಿದ ಒಂದೇ ಒಂದು ಮ್ಯಾಪನ್ನು ಆರಿಸಿ ಅಂದು ಎಲ್ಲರೂ ಆಡುತ್ತಾರೆ. ಆ ಮ್ಯಾಪಿಗೆ ಮೇಷ್ಟ್ರಿಂದ ಕನಿಷ್ಠ ಮೂವತ್ತೈದು ಸಿಕ್ಕಿರಬೇಕು. ಮೂವತ್ತೈದು ಯಾಕೆ? ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು ಅಷ್ಟೇ ಬೇಕು, ಅದಕ್ಕೆ.

ನಾನು ಮೈತ್ರಿ. ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆ. ಜೆ.ಪಿ. ನಗರದ ಒಂದು ಇಂಟೀರಿಯರ್ ಆಫೀಸಿನಲ್ಲಿ ಮಾಡ್ಯುಲರ್ ಕಿಚನ್ ಡಿಸೈನ್ ಮಾಡುತ್ತೇನೆ. ಒಂಬತ್ತು ವರ್ಷದಲ್ಲಿ ಮುನ್ನೂರು ಅಡುಗೆಮನೆ ಬರೆದಿರಬಹುದು, ಒಂದರಲ್ಲೂ ನನ್ನ ಹೆಸರಿಲ್ಲ. ಆ ಮನೆಗಳವರು ಗೃಹಪ್ರವೇಶಕ್ಕೆ ನಮ್ಮ ಬಾಸನ್ನು ಕರೆದು ಶಾಲು ಹೊದಿಸುತ್ತಾರೆ. ನಲವತ್ತಾರು ಜನ ಒಂದು ಹಾಲಿನಲ್ಲಿ ಕೂತು "ಇದು ಮೈತ್ರಿ ಮಾಡಿದ್ದು" ಎಂದುಕೊಂಡು ನನ್ನ ಮ್ಯಾಪ್ ಆಡಬೇಕು ಎಂಬ ಆಸೆ ನನಗಿತ್ತು. ಬೇರೆಯವರಿಗೆ ನಗು ಬರುವಂಥ ಆಸೆ. ನನಗೆ ಅದು ಬೇಕೇ ಬೇಕಿತ್ತು.

ಏಳು ತಿಂಗಳು ಕೂತು "ಕೆರೆ ಕೆಳಗಿನ ಊರು" ಎಂಬ ಮ್ಯಾಪ್ ಮಾಡಿದೆ. ಮೇಲೆ ನೋಡಿದರೆ ಒಣಗಿದ ಕೆರೆ, ಹುಲ್ಲು, ಐದು ಬಾವಿ. ಅಷ್ಟೇ. ನಾಲ್ಕನೆಯ ಬಾವಿಗೆ ದಂಡನಾಯಕನನ್ನು ಇಳಿಸಿದರೆ ಕೆಳಗೆ ಇಡೀ ಒಂದು ಊರು: ಪಾಚಿ ಹಿಡಿದ ಬೀದಿಗಳು, ದೀಪ ಉರಿಯುವ ಗುಡಿ, ಈಟಿ ಹಿಡಿದ ಮೀನುಬಾಲದ ಕಾವಲುಗಾರರು, ಎಲ್ಲದರ ಕೊನೆಗೆ ರಾಣಿಯ ಕೋಟೆ. ಬೀದಿ ಬೀದಿಗೆ ಹಲಗೆ ನೆಟ್ಟು, ಆ ಊರು ಹೇಗೆ ಮುಳುಗಿತು ಎಂದು ಅರವತ್ತಮೂರು ಹಲಗೆಗಳಲ್ಲಿ ಬರೆದೆ.

ಗುಂಪಿನಲ್ಲಿ ಹಾಕಿದ ಒಂದು ಗಂಟೆಯೊಳಗೆ ಹೊಗಳಿಕೆಯ ಮಳೆ. "ಸಖತ್." "ಬೆಂಕಿ ಗುರು." ಗುಂಪಿನ ಅಡ್ಮಿನ್, ನನ್ನ ಕಾಲೇಜಿನ ಗೆಳೆಯ ರೇವಂತ್ ಎರಡು ದಿನ ಬಿಟ್ಟು, "ಎಂಡಿಂಗ್ ನೋಡಿ ಮೈ ಜುಮ್ ಅಂತು" ಎಂದು ಬರೆದ. ನಾನು ಅದನ್ನು ಎಷ್ಟು ಸಲ ಓದಿಕೊಂಡೆ ಎಂದು ಹೇಳಿದರೆ ನಾಚಿಕೆಗೇಡು.

ಮರುದಿನ ಮೇಷ್ಟ್ರ ಹಾಳೆ ಬಂತು. ಕತ್ತು ಓರೆ ಮಾಡಿ ಓದಿದೆ. "ಬಂಜರು ಭೂಮಿ. ಗಣಿ ಎರಡು, ಕಾವಲು ಇಲ್ಲ, ಶತ್ರುವಿನ ಕೋಟೆ ಇಲ್ಲ. ಬಾವಿ ಐದು, ನೋಡಿದ್ದು ಮೂರು, ಮೂರರಲ್ಲೂ ನೀರು. ಉಳಿದವೂ ಅಷ್ಟೇ. ಹೆಸರು ದೊಡ್ಡದು, ಊರು ಇಲ್ಲ. ಪ್ರಶ್ನೆಯನ್ನೇ ನಕಲು ಮಾಡಿ ಉತ್ತರ ಬರೆಯದೆ ಎದ್ದು ಹೋದ ವಿದ್ಯಾರ್ಥಿ. ಒಟ್ಟು: ಇಪ್ಪತ್ತೆಂಟು."

ಮೈಯೆಲ್ಲ ಉರಿಯಿತು. ಮೂರು ಬಾವಿ ನೋಡಿ ಐದರ ತೀರ್ಪು ಕೊಡಲು ಇವರೇನು ಬ್ರಹ್ಮನೇ? ಭಾನುವಾರವೇ ಆ ವರ್ಷದ ಕೂಟ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಹನುಮಂತನಗರದ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಜಯಶೀಲಾ ಆಂಟಿ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ಬಾಮ್ಮ ಒಳಗೆ. ನಿಂಗೆಷ್ಟು ಹಾಕಿದಾರೆ?"

"ಇಪ್ಪತ್ತೆಂಟು ಆಂಟಿ."

"ಪರ್ವಾಗಿಲ್ಲ, ಹೋದ್ ತಿಂಗಳು ಒಬ್ರು ಹತ್ತೊಂಬತ್ತಕ್ಕೆ ಬಂದಿದ್ರು. ಕಾಫಿ ಕುಡೀತೀಯಾ?"

ಮೇಷ್ಟ್ರು ಒಳಕೋಣೆಯಲ್ಲಿ ಬನಿಯನ್, ಪಂಚೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಫೋಟೊದ ಹೆಬ್ಬೆರಳನ್ನು ನೋಡಿ ದೈತ್ಯರಿರಬೇಕು ಎಂದುಕೊಂಡಿದ್ದೆ, ನೋಡಿದರೆ ಒಣಗಿದ ಹುಣಸೆಕಾಯಿಯಂಥ ಸಣ್ಣ ಮನುಷ್ಯ.

"ಸಾರ್, ನಾನು ಮೈತ್ರಿ."

"ಹ್ಞಾ, ಇಪ್ಪತ್ತೆಂಟು," ಎಂದರು. "ಕೂತ್ಕೊಳ್ಳಿ."

"ಬಾವಿ ಐದಿದೆ ಸಾರ್. ನೀವು ಮೂರೇ ನೋಡಿದೀರ."

"ಒಂದನೇದ್ರಲ್ಲಿ ನೀರು, ಎರಡನೇದ್ರಲ್ಲಿ ನೀರು, ಮೂರನೇದ್ರಲ್ಲೂ ನೀರು. ಅಲ್ಲಿಗೆ ಪ್ರೂವ್ ಆಯ್ತಲ್ಲ. ಇನ್ನೆಷ್ಟು ಇಣುಕಬೇಕು?"

"ನಾಲ್ಕನೇದ್ರಲ್ಲಿ ಊರಿದೆ ಸಾರ್. ಇಡೀ ಊರು. ನೀವು ಅಡಿಷನಲ್ ಶೀಟ್ ನೋಡ್ದೇ ಮಾರ್ಕ್ಸ್ ಹಾಕಿದೀರ."

ಈ ಮಾತನ್ನು ನಾನು ಬಸ್ಸಿನಲ್ಲೇ ಮಸೆದು ಇಟ್ಟುಕೊಂಡಿದ್ದೆ. ಪರೀಕ್ಷೆಯಲ್ಲಿ ಹಾಳೆ ಸಾಲದೆ ಮಕ್ಕಳು ಹೆಚ್ಚುವರಿ ಹಾಳೆ ಕೇಳಿ ಪಡೆದು, ದಾರದಲ್ಲಿ ಉತ್ತರಪತ್ರಿಕೆಯ ಹಿಂದೆ ಕಟ್ಟುತ್ತಾರೆ. ಅದನ್ನು ತಿರುವಿ ನೋಡದೆ ಅಂಕ ಹಾಕುವುದು ಮೌಲ್ಯಮಾಪಕನಿಗೆ ಕೊಲೆಗೆ ಸಮ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

"ಇಪ್ಪತ್ತಾರು ವರ್ಷದಲ್ಲಿ ಒಂದು ಶೀಟ್ ಬಿಟ್ಟಿಲ್ಲ ನಾನು," ಎಂದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, ನನ್ನ ಮ್ಯಾಪನ್ನು ಮೊದಲ ದಿನದಿಂದ ಶುರು ಮಾಡಿದರು. ಕುದುರೆ ಹುಲ್ಲಿನ ಮೇಲೆ ನಡೆಯಿತು. ನಾಲ್ಕನೆಯ ಬಾವಿಗೆ ಇಳಿಯಿತು.

ಅಲ್ಲಿಂದ ಮುಂದೆ ಸಂಜೆ ನಾಲ್ಕರವರೆಗೆ ನಾನು ಆ ಮನುಷ್ಯ ಆಡುವುದನ್ನು ನೋಡಿದೆ. ಇಷ್ಟು ಕೆಟ್ಟದಾಗಿ ಆಡುವವರನ್ನು ನಾನು ಕಂಡಿಲ್ಲ. ಹತ್ತು ಕಾವಲುಗಾರರ ಮೇಲೆ ಏಳು ಸೈನಿಕರನ್ನು ಬಿಟ್ಟು ಸೋಲುತ್ತಾರೆ, ಗಣಿ ಹಿಡಿದು ಮರೆಯುತ್ತಾರೆ. ಆದರೆ ಒಂದು ಬೀದಿಯನ್ನೂ ಬಿಡಲಿಲ್ಲ. ಪ್ರತಿ ಹಲಗೆಯ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತ, ಪೂರ್ತಿ ಓದಿದರು. ಇಪ್ಪತ್ತೊಂದನೆಯ ಹಲಗೆಯಲ್ಲಿ ಅಗಸಗಿತ್ತಿಯೊಬ್ಬಳು ನೀರು ಏರುವಾಗ ಬಟ್ಟೆಗಂಟು ಬಿಡದೆ ನಿಂತಳು ಎಂದು ಬರೆದಿದ್ದೆ. ಅದನ್ನು ಎರಡು ಸಲ ಓದಿ "ಹ್ಞೂಂ" ಎಂದರು. ನಾನು ಬರೆದದ್ದನ್ನು ಒಬ್ಬರು ಓದುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಆ ಸುಖಕ್ಕೂ ಮೇಷ್ಟ್ರು ಆಯುಷ್ಯ ಕೊಡಲಿಲ್ಲ.

"ನೀರೊಳಗೆ ಗುಡೀಲಿ ದೀಪ ಹೇಗಮ್ಮ ಉರಿಯುತ್ತೆ?"

"ಮಾಯದ ದೀಪ ಸಾರ್."

"ಮಾಯ ಅಂದ್ಬಿಟ್ರೆ ಸ್ಟೆಪ್ ಬರೆಯೋದು ಬೇಡ್ವಾ?"

ಮಧ್ಯಾಹ್ನ ಆಂಟಿ ಎರಡು ಸಲ "ಏನ್ರೀ, ಮುದ್ದೆ ಆರಿ ಕಲ್ಲಾಗ್ತಿದೆ" ಎಂದು ಕರೆದು, ಕೊನೆಗೆ ನನಗೊಬ್ಬಳಿಗೇ ಅವರೆಕಾಳು ಸಾರು ಬಡಿಸಿದರು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ರಾಣಿಯ ಕೋಟೆಯ ನೀಲಿ ಬಾಗಿಲ ಮುಂದೆ ನಿಂತಿದ್ದರು. ಈ ಆಟದಲ್ಲಿ ನೀಲಿ ಬಾಗಿಲು ತೆರೆಯಲು ನೀಲಿ ಗುಡಿಸಲಿನ ಮುದುಕಿಯ ಹತ್ತಿರ ಹೋಗಿ ಕೀಲಿ ತರಬೇಕು. ಮೇಷ್ಟ್ರು ಗುಡಿಸಲು ಹುಡುಕಿದರು. ಬೀದಿಗಳನ್ನೆಲ್ಲ ಮತ್ತೊಮ್ಮೆ ಸುತ್ತಿದರು. ಒಂದು ಗಂಟೆ ಸುತ್ತಿದರು.

"ಗುಡಿಸಲು ಎಲ್ಲಿಟ್ಟಿದ್ದೀಯಮ್ಮ?"

ಇವರಿಗೆ ಕಣ್ಣೂ ಕಾಣುವುದಿಲ್ಲ ಎಂದುಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ಮಾಡುವ ಪರದೆಯನ್ನೇ ತೆರೆದೆ. ಅಲ್ಲಿ ಇಡೀ ಊರು ಒಮ್ಮೆಗೇ ಕಾಣುತ್ತದೆ. ನೀಲಿ ಗುಡಿಸಲು ರಾಣಿಯ ಕೊಳದ ಪಕ್ಕದಲ್ಲಿತ್ತು. ಮುದ್ದಾಗಿ ಕೂತಿತ್ತು. ಬಾಗಿಲ ಒಳಗಡೆ. ಗುಂಪಿಗೆ ಹಾಕುವ ಹಿಂದಿನ ದಿನ, ಅಲ್ಲಿಟ್ಟರೆ ಚೆನ್ನಾಗಿ ಕಾಣುತ್ತದೆಂದು ನಾನೇ ಎಳೆದು ಇಟ್ಟಿದ್ದೆ. ಬೀಗ ಹಾಕಿ ಕೀಲಿಯನ್ನು ಮನೆಯೊಳಗೇ ಬಿಟ್ಟಿದ್ದೆ. ಈ ಮ್ಯಾಪನ್ನು ದೇವರು ಬಂದರೂ ಮುಗಿಸಲಾಗುತ್ತಿರಲಿಲ್ಲ.

ಮೇಷ್ಟ್ರು ಪರದೆ ನೋಡಿದರು, ನನ್ನನ್ನು ನೋಡಿದರು.

"ನೀನು ಇದನ್ನ ಒಂದ್ಸಲ ಆದ್ರೂ ಆಡಿದ್ದೀಯಾ?"

"ಟೆಸ್ಟ್ ಮಾಡಿದೀನಿ ಸಾರ್. ಅಲ್ಲಲ್ಲಿ."

"ಅಲ್ಲಲ್ಲಿ. ಏನ್ ಕೆಲಸ ಮಾಡ್ತೀಯ ನೀನು?"

"ಕಿಚನ್ ಡಿಸೈನ್."

"ನೀನು ಡಿಸೈನ್ ಮಾಡಿದ ಅಡುಗೆಮನೇಲಿ ನಿಂತು ಒಂದು ಲೋಟ ಕಾಫಿನಾದ್ರೂ ಕಾಸಿದ್ದೀಯಾ?"

ಇಲ್ಲ. ಮುನ್ನೂರರಲ್ಲಿ ಒಂದರಲ್ಲೂ ಇಲ್ಲ. ಆ ಪ್ರಶ್ನೆಗೆ ನನಗೆ ಅವರನ್ನು ಹೊಡೆಯಬೇಕೆನಿಸಿತು. "ಐದು ನಿಮಿಷ ಸಾರ್, ಗುಡಿಸಲು ಈಚೆ ಎಳೆದುಬಿಡ್ತೀನಿ," ಎಂದೆ. ಬೆಲ್ ಹೊಡೆದ ಮೇಲೆ ಪೆನ್ನು ಎತ್ತುವ ಹಾಗಿಲ್ಲ ಎಂದರು. ರೂಲ್ ಹಾಳೆ ತೆಗೆದು ಎರಡು ಪುಟ ಬರೆದು, ಕೂಡಿ, ಮತ್ತೆ ಕೂಡಿ, ಮೂವತ್ತನಾಲ್ಕು ಎಂದರು.

"ಒಂದೇ ಒಂದು ಮಾರ್ಕ್ ಸಾರ್. ಗ್ರೇಸ್ ಕೊಡಿ."

"ಮುಗಿಸಕ್ಕೇ ಆಗ್ದಿರೋ ಮ್ಯಾಪಿಗೆ ಗ್ರೇಸಾ? ಹೋಗಮ್ಮ."

ಬಸ್ಸಿನಲ್ಲಿ ಅವರನ್ನೂ ಅವರ ವಂಶವನ್ನೂ ಬೈದುಕೊಳ್ಳುತ್ತಿದ್ದಾಗ ಗುಂಪಿನಲ್ಲಿ ಎರಡು ಫೋಟೊ ಬಂದವು, ಎಂದಿನಂತೆ ಅಡ್ಡಡ್ಡ. ಮೊದಲನೆಯದರಲ್ಲಿ ದೊಡ್ಡ ಅಕ್ಷರದಲ್ಲಿ "ನನ್ನ ತಪ್ಪು" ಎಂದಿತ್ತು. ನಾಲ್ಕನೆಯ ಬಾವಿ ನೋಡದೆ ಅಂಕ ಹಾಕಿದೆ, ಕ್ಷಮೆ ಇರಲಿ, ಮರುಮೌಲ್ಯಮಾಪನದ ಅಂಕ ಮೂವತ್ತನಾಲ್ಕು. ಎರಡನೆಯ ಫೋಟೊದಲ್ಲಿ ಗುಡಿಸಲಿನ ಕಥೆ ಪೂರ್ತಿ ಇತ್ತು. ಮ್ಯಾಪ್ ಮುಗಿಯುವುದಿಲ್ಲ, ಮುಕ್ತಾಯಕ್ಕೆ ಸೊನ್ನೆ, ಎಂದು ಎರಡು ಗೆರೆ ಎಳೆದು ಬರೆದಿದ್ದರು.

ಗುಂಪು ಹುಚ್ಚೆದ್ದು ಕುಣಿಯಿತು. ವರ್ಷಗಳಿಂದ ಏಟು ತಿಂದವರೆಲ್ಲ ಎದ್ದು ನಿಂತರು. "ಮೇಷ್ಟ್ರೇ ಫೇಲ್!" "ಕನ್ನಡಕ ಬದಲಾಯಿಸಿ ಅಂಕಲ್." ರೇವಂತ್ ಆ ಎರಡನೆಯ ಫೋಟೊದ ಕೆಳಗೇ ಬರೆದ: "ಇಂಥ ಎಂಡಿಂಗ್ ಇರೋ ಮ್ಯಾಪಿಗೆ ಮೂವತ್ತನಾಲ್ಕಾ? ಇನ್ಮೇಲೆ ಈ ಪಾಸ್ ಮಾರ್ಕ್ ರೂಲ್ ಬೇಡ. ವೋಟ್ ಹಾಕಿ." ನಾನು ಪುಟ್ಟೇನಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಮೂವತ್ತೊಂದು ವೋಟು ಬಿದ್ದು, ನಿಯಮ ಬಿದ್ದು, ನನ್ನ ಮ್ಯಾಪ್ ಆಯ್ಕೆಯಾಗಿತ್ತು.

ಮನೆಗೆ ಬಂದು ಗುಡಿಸಲನ್ನು ಈಚೆ ಎಳೆದೆ. ನಾಲ್ಕು ನಿಮಿಷ ಹಿಡಿಯಿತು. ಹೊಸ ಪ್ರತಿಯನ್ನು ಸದ್ದಿಲ್ಲದೆ ಹಾಕಿಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವಂತಿರಲಿಲ್ಲ. ಎರಡನೆಯ ಫೋಟೊವನ್ನು ಒಬ್ಬರೂ ಓದಿರಲಿಲ್ಲ. ಆಸೆಪಟ್ಟದ್ದೆಲ್ಲ ಕೈಯಲ್ಲಿತ್ತು. ಹಾಕುವ ಮೊದಲು ಸುಮ್ಮನೆ ಗುಂಪಿನಲ್ಲಿ ಕೇಳಿದೆ: "ಎಲ್ರಿಗೂ ಥ್ಯಾಂಕ್ಸ್. ಕೊನೆ ಹೇಗಿತ್ತು, ಹೇಳಿ."

ಹೇಳಿದರು. ರಾಣಿಯ ಕೊನೆಯ ಯುದ್ಧ ಸೂಪರ್ ಎಂದರು. ಕಣ್ಣಲ್ಲಿ ನೀರು ಬಂತು ಎಂದ ಒಬ್ಬ. ಇನ್ನೊಬ್ಬ ಮಹಾಶಯ ಮೂರು ಸಲ ಮುಗಿಸಿದ್ದನಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ನಲವತ್ತಾರರಲ್ಲಿ ನನ್ನ ನೀಲಿ ಬಾಗಿಲವರೆಗೆ ಬಂದವರು ಒಬ್ಬರೇ, ಅವರು ನನ್ನನ್ನು ಫೇಲ್ ಮಾಡಿದವರು. ಇವರು ಹಾಲಿನಲ್ಲಿ ಕೂತು "ಮೈತ್ರಿ ಮಾಡಿದ್ದು" ಎಂದು ಚಪ್ಪಾಳೆ ತಟ್ಟುವುದನ್ನು ನೆನೆದು ಅಸಹ್ಯವಾಯಿತು.

"ಮೇಷ್ಟ್ರ ಎರಡನೇ ಫೋಟೊ ಓದಿ. ಕೊನೆ ಇಲ್ಲವೇ ಇಲ್ಲ. ಮ್ಯಾಪ್ ವಾಪಸ್ ತಗೊಂಡಿದೀನಿ," ಎಂದು ಬರೆದೆ. ಅರ್ಧ ಗಂಟೆ ಬಿಟ್ಟು ಯಾರೋ ಭಾನುವಾರದ ತಿಂಡಿಗೆ ಖಾರಾಬಾತೋ ಪುಳಿಯೋಗರೆಯೋ ಎಂದು ಕೇಳಿದರು.

ರೇವಂತ್ ಫೋನ್ ಮಾಡಿದ. "ಏನ್ ಮಗಾ, ಎಲ್ರ ಮರ್ಯಾದೆ ತೆಗ್ದೆ."

"ನೀನು ಆಟದಲ್ಲಿ ಎಷ್ಟನೇ ದಿನಕ್ಕೆ ನಿಲ್ಲಿಸ್ದೆ, ಅದನ್ನ ಹೇಳು."

"ನಿಜ ಹೇಳ್ಲಾ? ಡೌನ್‌ಲೋಡೇ ಮಾಡಿರ್ಲಿಲ್ಲ. ನಿಂಗೆ ಬೇಜಾರಾಗ್ಬಾರ್ದು ಅಂತ ಬರ್ದೆ."

ಮೂವತ್ತನಾಲ್ಕಕ್ಕೆ ಬರದಿದ್ದ ಅಳು ಅದಕ್ಕೆ ಬಂತು.

ಭಾನುವಾರ ಅವರೆಲ್ಲ ಜಯನಗರದ ಹಾಲಿನಲ್ಲಿ ರೇವಂತನ ಮ್ಯಾಪ್ ಆಡಿದರು. ಜಲಪಾತಗಳು ಬಹಳ ಇದ್ದವಂತೆ. ನಾನು ತಿದ್ದಿದ ಪ್ರತಿ ಹಿಡಿದು ಹನುಮಂತನಗರಕ್ಕೆ ಹೋದೆ. ಮೇಷ್ಟ್ರು ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿ, ಎದ್ದು, ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ನೀನು ಆಡು. ಮೊದಲಿಂದ. ನಾನು ನೋಡ್ತೀನಿ."

ಆಡಿದೆ. ಬಾವಿ ಇಳಿದೆ. ಮೊದಲ ಬೀದಿ ಚೆನ್ನಾಗಿತ್ತು. ಆಟದ ಹತ್ತನೆಯ ದಿನಕ್ಕೆ ಹಲಗೆ ಓದಿ ಓದಿ ನನಗೇ ಸಾಕಾಯಿತು. ಹನ್ನೊಂದರಿಂದ ಹದಿನೈದರವರೆಗೆ ದಂಡನಾಯಕ ಬರೀ ನಡೆದ. ಎದುರಿಗೆ ಯಾರೂ ಬರಲಿಲ್ಲ, ಹಿಡಿಯಲು ಏನೂ ಇರಲಿಲ್ಲ. ಇಂಥದ್ದನ್ನು ಈ ಮುದುಕರು ಆರು ಗಂಟೆ, ಊಟ ಬಿಟ್ಟು, ಒಂದು ಬೀದಿಯೂ ಬಿಡದೆ ಆಡಿದ್ದರು. ಹದಿನಾರನೆಯ ದಿನ ಕೈ ನಿಲ್ಲಿಸಿದೆ.

"ಸಾರ್, ಮೂವತ್ತನಾಲ್ಕು ಜಾಸ್ತಿ ಆಯ್ತು."

"ಗೊತ್ತು," ಎಂದರು ಮೇಷ್ಟ್ರು. "ಕೆಳಗಿನ ಊರಿಗೆ ನಾನು ಕೊಟ್ಟಿದ್ದು ಸೊನ್ನೆ. ಇಪ್ಪತ್ತೆಂಟರ ಮೇಲಿನ ಆರು ಮಾರ್ಕ್ಸ್ ನಾನು ಬಾವಿ ನೋಡ್ದೆ ಬಿಟ್ಟಿದ್ದಕ್ಕೆ ನನಗೆ ನಾನೇ ಹಾಕ್ಕೊಂಡ ದಂಡ. ಏನ್ ನೋಡ್ತೀಯ, ಆಡು."

ನಾನು ಹದಿನೇಳನೆಯ ದಿನಕ್ಕೆ ಹೋದೆ. ಅಲ್ಲೂ ಏನೂ ಇರಲಿಲ್ಲ.